ತಿರುವಿನಲ್ಲಿ ಗರಗರ: ಆಕ್ಸಲ್ ಬಿಚ್ಚಿಸುವ ಮೊದಲು

ಪ್ರಶ್ನೆ: ನಮ್ಮದು ಹತ್ತು ವರ್ಷ ಹಳೆಯ ಸಣ್ಣ ಪೆಟ್ರೋಲ್ ಕಾರು, 82,000 ಕಿ.ಮೀ. ಓಡಿದೆ. ಮಡಿಕೇರಿಯಿಂದ ಸಂಪಾಜೆ ಕಡೆಗೆ ಘಾಟಿ ಇಳಿಯುವಾಗ ಎಡ ತಿರುವುಗಳಲ್ಲಿ ಮುಂಭಾಗದಿಂದ ಗರಗರ ಸದ್ದು ಬರುತ್ತದೆ. ಬಲ ತಿರುವಿನಲ್ಲಿ ನಿಲ್ಲುತ್ತದೆ. ಎರಡು ತಿಂಗಳಿಂದ ಸ್ವಲ್ಪಸ್ವಲ್ಪವೇ ಹೆಚ್ಚಾಗಿದೆ. ಬ್ರೇಕ್ ಒತ್ತಿದರೂ ಬಿಟ್ಟರೂ ವ್ಯತ್ಯಾಸವಿಲ್ಲ. ಎರಡೂ ಆಕ್ಸಲ್ (ಮುಂಚಕ್ರ ತಿರುಗಿಸುವ ದಂಡ) ಬದಲಾಯಿಸಬೇಕು ಎಂದು ಮೆಕ್ಯಾನಿಕ್ ಹೇಳುತ್ತಾರೆ. ತೋಟದಿಂದ ಟಾರು ರಸ್ತೆಗೆ ಒಂದೂವರೆ ಕಿ.ಮೀ. ಜಲ್ಲಿ ದಾರಿ. ಏನು ಮಾಡಲಿ?

ಉತ್ತರ: ಆಕ್ಸಲ್‌ಗೆ ಈಗಲೇ ದುಡ್ಡು ಹಾಕಬೇಡಿ. ನೀವು ಬರೆದದ್ದನ್ನೆಲ್ಲ ಕೂಡಿಸಿ ನೋಡಿದರೆ ಅನುಮಾನ ಹೋಗುವುದು ಬಲಗಡೆಯ ಮುಂದಿನ ವೀಲ್ ಬೇರಿಂಗ್ ಮೇಲೆ, ಅಂದರೆ ಚಕ್ರ ಸಲೀಸಾಗಿ ತಿರುಗಲು ಅದರ ನಡುವೆ ಇರುವ ಗುಂಡುಗಳ ಉಂಗುರದ ಮೇಲೆ. ಎಡಕ್ಕೆ ತಿರುಗಿದಾಗ ಗಾಡಿಯ ಭಾರ ಬಲಕ್ಕೆ ವಾಲುತ್ತದೆ. ಸವೆದ ಬೇರಿಂಗ್ ಹೊರೆ ಬಿದ್ದಾಗ ಕೂಗುತ್ತದೆ, ಹೊರೆ ಇಳಿದಾಗ ಸುಮ್ಮನಾಗುತ್ತದೆ.

ಆಕ್ಸಲ್ ತುದಿಯ ಸಿವಿ ಜಾಯಿಂಟ್‌ನ (ಚಕ್ರ ಹೊರಳಿದಾಗಲೂ ಅದನ್ನು ತಿರುಗಿಸುವ ಕೀಲು) ಸದ್ದೇ ಬೇರೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಎಕ್ಸಲೇಟರ್ ಕೊಟ್ಟಾಗ ಅದು ‘ಟಕ್ ಟಕ್ ಟಕ್’ ಎನ್ನುತ್ತದೆ, ಗರಗರ ಅನ್ನುವುದು ಕಡಿಮೆ. ಘಾಟಿ ಇಳಿಯುವಾಗ ನಿಮ್ಮ ಕಾಲು ಎಕ್ಸಲೇಟರ್ ಮೇಲೆ ಇರುವುದೇ ಅಪರೂಪ. ಖಾತ್ರಿಯಾಗಬೇಕಾದರೆ ಕಾಫಿ ಒಣಗಿಸುವ ಕಣದಂಥ ಸಮತಟ್ಟಾದ ಜಾಗದಲ್ಲಿ ಫಸ್ಟ್ ಗೇರ್‌ನಲ್ಲಿ ಎರಡೂ ಕಡೆಗೆ ಪೂರ್ತಿ ಸುತ್ತು ಹೊಡೆಯಿರಿ, ಇನ್ನೊಬ್ಬರು ಹೊರಗೆ ನಿಂತು ಕೇಳಲಿ. ಟಕಟಕ ಇಲ್ಲ, ಜಾಯಿಂಟ್‌ಗೆ ಹೊದಿಸಿದ ರಬ್ಬರ್ ಬೂಟ್ ಹರಿದಿಲ್ಲ, ಚಕ್ರದ ಒಳಮೈಗೆ ಕಪ್ಪು ಗ್ರೀಸ್ ಸಿಡಿದಿಲ್ಲ ಎಂದಾದರೆ ಆಕ್ಸಲ್ ಅಲ್ಲಿಗೇ ಬಿಡಿ. ಬೂಟ್ ಮಾತ್ರ ಹರಿದು ಸದ್ದು ಇನ್ನೂ ಬಂದಿಲ್ಲದಿದ್ದರೆ ಜಾಯಿಂಟ್ ತೊಳೆದು, ಹೊಸ ಬೂಟ್ ಮತ್ತು ಅದರ ಜೊತೆ ಬರುವ ಮಾಲಿಬ್ಡಿನಂ ಗ್ರೀಸ್ ಹಾಕಿದರೆ ಸಾಕು. ಟಕಟಕ ಶುರುವಾದ ಮೇಲೆ ಎಷ್ಟು ಗ್ರೀಸ್ ತುಂಬಿದರೂ ವ್ಯರ್ಥ.

ಜಲ್ಲಿ ದಾರಿ ಎಂದಿದ್ದೀರಿ. ಹಾಗಾಗಿ ಖರ್ಚೇ ಇಲ್ಲದ ಒಂದು ಪರೀಕ್ಷೆ ಮೊದಲು ಮುಗಿಸಿ. ಬ್ರೇಕ್ ಡಿಸ್ಕ್ ಹಿಂದೆ ತೆಳುವಾದ ತಗಡಿನ ಮರೆ ಇರುತ್ತದೆ. ಅದರ ಮತ್ತು ಡಿಸ್ಕ್‌ನ ನಡುವೆ ಸಣ್ಣ ಕಲ್ಲು ಸಿಕ್ಕಿಕೊಂಡರೆ ಕಿವಿ ಹರಿಯುವಂಥ ಸದ್ದು ಬರುತ್ತದೆ. ಅದು ಇದ್ದಕ್ಕಿದ್ದಂತೆ ಶುರುವಾಗುತ್ತದೆ, ಕೆಲವೊಮ್ಮೆ ರಿವರ್ಸ್ ಹೋದರೆ ಕಲ್ಲು ಉದುರಿ ನಿಂತೂ ಹೋಗುತ್ತದೆ. ನಿಮ್ಮದು ನಿಧಾನವಾಗಿ ಬೆಳೆದ ಸದ್ದು, ಕಲ್ಲಿನ ಸಾಧ್ಯತೆ ಕಡಿಮೆ. ಆದರೂ ಚಕ್ರ ಬಿಚ್ಚಿದಾಗ ಡಿಸ್ಕ್ ಮೇಲೆ ವೃತ್ತಾಕಾರದ ಹೊಳೆಯುವ ಗೆರೆ ಇದೆಯೇ ನೋಡಿ. ತಗಡು ಬಾಗಿ ತಾಗುತ್ತಿದ್ದರೆ ಸ್ಕ್ರೂಡ್ರೈವರ್‌ನಿಂದ ಮೂರ್ನಾಲ್ಕು ಮಿ.ಮೀ. ಹಿಂದಕ್ಕೆ ಬಾಗಿಸಿ. ಅಲ್ಲೇ ಪ್ಯಾಡ್‌ನ ದಪ್ಪವನ್ನೂ ನೋಡಿಬಿಡಿ, 3 ಮಿ.ಮೀ.ಗಿಂತ ಕಡಿಮೆಯಿದ್ದರೆ ಎರಡೂ ಕಡೆಯದನ್ನು ಬದಲಾಯಿಸಿ.

ಬೇರಿಂಗ್ ಪರೀಕ್ಷೆ ಹೀಗೆ. ಖಾಲಿ, ಸಮತಟ್ಟು ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಕ್ಲಚ್ ಒತ್ತಿ. ಎಂಜಿನ್ ಸದ್ದು ಇಳಿದರೂ ಗರಗರ ಹಾಗೇ ಉಳಿದರೆ ತೊಂದರೆ ಚಕ್ರದ್ದು. (ಘಾಟಿಯಲ್ಲಿ ಇದನ್ನು ಮಾಡಬೇಡಿ, ಇಳಿಜಾರಿನಲ್ಲಿ ಗೇರ್ ಇರಲೇಬೇಕು.) ಆಮೇಲೆ ಗಾಡಿಯನ್ನು ಗಟ್ಟಿ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಹಿಂದೆಯೂ ಮುಂದೆಯೂ ಕಲ್ಲು ಕೊಟ್ಟು, ನ್ಯೂಟ್ರಲ್‌ನಲ್ಲಿಟ್ಟು ಬಲ ಮುಂಚಕ್ರವನ್ನು ಜಾಕಿಯಲ್ಲಿ ಎತ್ತಿ. ಅಡಿಗೆ ಸ್ಟ್ಯಾಂಡ್ ಇಡದೆ ಕೈ ಹಾಕಬೇಡಿ. ಮಳೆಯಲ್ಲಿ ನೆನೆದ ಮಣ್ಣಿನಲ್ಲಿ ಜಾಕಿ ಒಂದು ಬದಿಗೆ ಕುಸಿಯುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಒಂದು ಕೈಯನ್ನು ಸಸ್ಪೆನ್ಷನ್ ಸ್ಪ್ರಿಂಗ್ ಮೇಲೆ ಇಟ್ಟು ಇನ್ನೊಂದರಿಂದ ಚಕ್ರ ತಿರುಗಿಸಿ. ಬೇರಿಂಗ್ ಹಾಳಾಗಿದ್ದರೆ ಬೀಸುಕಲ್ಲು ತಿರುಗಿದಂಥ ಒರಟುತನ ಸ್ಪ್ರಿಂಗ್‌ನಲ್ಲಿ ಕೈಗೆ ತಿಳಿಯುತ್ತದೆ. ಎಡ ಚಕ್ರವನ್ನೂ ಎತ್ತಿ ಹೋಲಿಸಿ, ಆಗ ಗೊತ್ತಾಗುತ್ತದೆ. ಇನ್ನು ಚಕ್ರದ ಮೇಲ್ತುದಿ ಮತ್ತು ಕೆಳತುದಿ ಹಿಡಿದು ಅಲ್ಲಾಡಿಸಿ. ಆಟ (ಸಡಿಲ ಅಲುಗಾಟ) ಕಂಡರೆ ಬೇರಿಂಗ್ ಅಥವಾ ಸಸ್ಪೆನ್ಷನ್‌ನ ಬಾಲ್ ಜಾಯಿಂಟ್, ಎಡಬಲದಲ್ಲಿ ಹಿಡಿದಾಗ ಮಾತ್ರ ಆಡಿದರೆ ಸ್ಟೇರಿಂಗ್ ಟೈ ರಾಡ್.

ಆಟ ಕಂಡರೆ ಆ ಗಾಡಿಯಲ್ಲಿ ಘಾಟಿ ಇಳಿಯಬೇಡಿ. ಅಲ್ಲಾಡುವ ಹಬ್ (ಚಕ್ರ ಕೂರುವ ನಡುಭಾಗ) ಬ್ರೇಕ್ ಪ್ಯಾಡ್‌ಗಳನ್ನು ಹಿಂದಕ್ಕೆ ತಳ್ಳುತ್ತದೆ. ತಿರುವು ದಾಟಿ ಬ್ರೇಕ್ ಒತ್ತಿದಾಗ ಮೊದಲ ಸಲ ಪೆಡಲ್ ಆಳಕ್ಕೆ ಹೋಗುತ್ತದೆ.

ಬೇರಿಂಗ್ ಬದಲಾಯಿಸುವುದು ಬಲಗಡೆಯದು ಸಾಕು, ಜೋಡಿ ಬೇಕಿಲ್ಲ. ಬೇರಿಂಗ್ ಒತ್ತಿ ಕೂರಿಸುವ ಮಾದರಿಯಾದರೆ ಹೈಡ್ರಾಲಿಕ್ ಪ್ರೆಸ್ ಇರುವ ಗ್ಯಾರೇಜ್ ಹುಡುಕಿ. ಸುತ್ತಿಗೆಯಿಂದ ಹೊಡೆದು ಕೂರಿಸಿದ ಹೊಸ ಬೇರಿಂಗ್ ಕೆಲವೇ ತಿಂಗಳಲ್ಲಿ ಕೂಗಲು ಶುರುಮಾಡುತ್ತದೆ, ಏಕೆಂದರೆ ಆ ಪೆಟ್ಟು ಗುಂಡುಗಳ ಮೂಲಕ ಹಾದು ಅವು ಓಡುವ ಹಾದಿಯಲ್ಲಿ ಗುಳಿ ಮಾಡುತ್ತದೆ. ಪ್ರೆಸ್‌ನಲ್ಲೂ ಬೇರಿಂಗನ್ನು ಗೂಡಿಗೆ ಕೂರಿಸುವಾಗ ಒತ್ತಡ ಹೊರ ಉಂಗುರದ ಮೇಲೇ ಬೀಳಬೇಕು. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಸಿಕ್ಕಿ ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಗಳಲ್ಲಿ ಬೇರಿಂಗ್‌ನ ಒಂದು ಮುಖದಲ್ಲಿ ಕಾಂತೀಯ ಪಟ್ಟಿ ಇದ್ದರೆ ಅದು ಸೆನ್ಸರ್ ಕಡೆಗಿರಬೇಕು. ತಿರುವುಮುರುವಾದರೆ ಎಬಿಎಸ್ ದೀಪ ಹತ್ತುತ್ತದೆ. ಆಕ್ಸಲ್ ತುದಿಯ ದೊಡ್ಡ ನಟ್ ಹೊಸದೇ ಇರಲಿ, ಟಾರ್ಕ್ ವ್ರೆಂಚ್‌ನಿಂದ ಕಂಪನಿ ಹೇಳಿದ ಅಳತೆಗೆ ಬಿಗಿಯಾಗಲಿ. ಹಬ್‌ನ ಮೈ ಸವೆದಿದ್ದರೆ ಅದನ್ನೂ ಬದಲಾಯಿಸಬೇಕು, ಇಲ್ಲದಿದ್ದರೆ ಹೊಸ ಬೇರಿಂಗ್ ಬಿಗಿಯಾಗಿ ಕೂರುವುದಿಲ್ಲ. ಕೊನೆಗೆ ವೀಲ್ ಅಲೈನ್‌ಮೆಂಟ್ ನೋಡಿಸಿ.

ತೋಡು ಹಾಯುವಾಗ ನುಗ್ಗಿದ ನೀರು, ಕೆಸರು ತೊಳೆಯಲು ಹಬ್‌ಗೇ ಹಿಡಿದ ಪ್ರೆಷರ್ ಪೈಪ್, ಗುಂಡಿಗೆ ಬಿದ್ದ ಹೊಡೆತ: ಬೇರಿಂಗ್ ಹಾಳಾಗುವುದು ಹೆಚ್ಚಾಗಿ ಇವುಗಳಿಂದ. ಪೈಪನ್ನು ಚಕ್ರದ ಮಧ್ಯಕ್ಕೆ ನೇರ ಹಿಡಿಯಬೇಡಿ.

ಪ್ರಶ್ನೆ: ಕಾರು ನಿಂತಿರುವಾಗಲೇ ಸ್ಟೇರಿಂಗ್ ತಿರುಗಿಸಿದರೆ ಬಾನೆಟ್ ಬದಿಯಿಂದ ಕಿರ್ರ್ ಎನ್ನುತ್ತದೆ, ನಡುವೆ ‘ಟಣ್’ ಎಂದು ಹಾರಿದಂತೆ ಕೇಳುತ್ತದೆ.

ಉತ್ತರ: ಸ್ಟ್ರಟ್‌ನ (ಮುಂಚಕ್ರದ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್‌ನ ಜೋಡಣೆ) ಮೇಲ್ತುದಿಯಲ್ಲಿರುವ ಬೇರಿಂಗ್ ಹಿಡಿದುಕೊಂಡಿದೆ. ಸ್ಪ್ರಿಂಗ್ ಸಲೀಸಾಗಿ ತಿರುಗದೆ ಒತ್ತಡ ಕಟ್ಟಿಕೊಂಡು ಆಮೇಲೆ ಜಿಗಿಯುತ್ತದೆ. ಒಬ್ಬರು ಸ್ಟೇರಿಂಗ್ ತಿರುಗಿಸಲಿ, ಇನ್ನೊಬ್ಬರು ಹೊರಗಿನಿಂದ ಸ್ಪ್ರಿಂಗ್ ಮೇಲೆ ಬೆರಳ ತುದಿ ಇಡಲಿ, ಜಿಗಿತ ಕೈಗೆ ಸಿಗುತ್ತದೆ. ಮೌಂಟ್ (ಸ್ಟ್ರಟ್ ಅನ್ನು ಗಾಡಿಯ ಮೈಗೆ ಹಿಡಿಯುವ ಭಾಗ) ಮತ್ತು ಬೇರಿಂಗ್ ಜೊತೆಯಾಗಿಯೇ ಬದಲಾಯಿಸಿ. ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಮೇಲಿನ ನಟ್ ಬಿಚ್ಚಿದರೆ ಸ್ಪ್ರಿಂಗ್ ಮುಖಕ್ಕೇ ಹಾರುತ್ತದೆ, ಹಾಗಾಗಿ ಇದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ಬೆಳಿಗ್ಗೆ ಗಾಡಿ ತೆಗೆದಾಗ ಮೊದಲ ನಾಲ್ಕೈದು ಬ್ರೇಕ್‌ಗೆ ಕರಕರ ಬಂದು ನಂತರ ನಿಲ್ಲುತ್ತದೆ.

ಉತ್ತರ: ಡಿಸ್ಕ್ ಮೇಲೆ ರಾತ್ರಿ ಹಿಡಿದ ತುಕ್ಕು ಉಜ್ಜಿ ಹೋಗುವ ಸದ್ದು ಅದು, ತೊಂದರೆಯಿಲ್ಲ. ಹತ್ತು ಬ್ರೇಕ್ ಆದರೂ ನಿಲ್ಲದಿದ್ದರೆ ಪ್ಯಾಡ್ ನೋಡಿಸಿ.