ಶೆಲ್ಬಿಗಳು ನಿಜವೇ? ಟೋಪಿಯ ಬ್ಲೇಡ್ ನಿಜವೇ?

'ಪೀಕಿ ಬ್ಲೈಂಡರ್ಸ್' ಧಾರಾವಾಹಿಯ ಶೆಲ್ಬಿ ಕುಟುಂಬ ನಿಜವಾಗಿ ಇತ್ತೇ, ಟೋಪಿಯಲ್ಲಿ ಬ್ಲೇಡ್ ಹೊಲಿದುಕೊಳ್ಳುತ್ತಿದ್ದರೇ ಅಂತ ಕೇಳಿದ್ದೀರಿ. ಪೀಕಿ ಬ್ಲೈಂಡರ್ಸ್ ಹೆಸರಿನ ಗ್ಯಾಂಗ್ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಇದ್ದದ್ದು ನಿಜ. ಶೆಲ್ಬಿಗಳು ಕಥೆಗಾಗಿ ಹುಟ್ಟಿಸಿದವರು. ಕಾಲವೂ ಬೇರೆ. ಕಥೆ ಶುರುವಾಗುವುದು 1919ರಲ್ಲಿ, ಅಸಲಿ ಗ್ಯಾಂಗಿನ ಅಬ್ಬರ 1890ರ ದಶಕದ್ದು.

ಬ್ಲೇಡಿನ ಮಾತಂತೂ ನಂಬಬೇಡಿ. ಬಳಸಿ ಬಿಸಾಡುವ ತೆಳು ಬ್ಲೇಡ್ ಮಾರಾಟಕ್ಕೆ ಬಂದದ್ದೇ 1903ರಲ್ಲಿ, ಅದೂ ದುಬಾರಿ. ಮೇಲಾಗಿ ಮೆತ್ತನೆ ಬಟ್ಟೆಗೆ ಹೊಲಿದ ಬ್ಲೇಡಿಗೆ ಬಲವೂ ಸಿಗದು, ಗುರಿಯೂ ನಿಲ್ಲದು. ಅವರು ಹೊಡೆದಾಡುತ್ತಿದ್ದದ್ದು ಬೆಲ್ಟಿನ ಬಕಲ್, ಬೂಟು, ಕಲ್ಲುಗಳಿಂದ. ಪೊಲೀಸ್ ದಾಖಲೆಯಲ್ಲಿ ಫೋಟೋ ಉಳಿದಿರುವ, ಆ ಗ್ಯಾಂಗಿನ ಹ್ಯಾರಿ ಫೌಲರ್ 1904ರಲ್ಲಿ ಸಿಕ್ಕಿಬಿದ್ದದ್ದು ಸೈಕಲ್ ಕದ್ದು!

ಧಾರಾವಾಹಿಯಲ್ಲಿ ಬರುವ ಬಿಲ್ಲಿ ಕಿಂಬರ್ ಮಾತ್ರ ನಿಜವಾದ ವ್ಯಕ್ತಿ, ಕುದುರೆ ರೇಸಿನ ಬುಕ್ಕಿಗಳಿಂದ ಹಣ ಕೀಳುತ್ತಿದ್ದವನು. (ಮೊದಲ ಸೀಸನ್ ಮುಗಿಸದವರು ಮುಂದಿನ ವಾಕ್ಯ ಬಿಟ್ಟುಬಿಡಿ.) ತೆರೆಯ ಮೇಲೆ ಆ ಸೀಸನ್ನಿನಲ್ಲೇ ಗುಂಡೇಟಿಗೆ ಸಾಯುತ್ತಾನೆ, ನಿಜದಲ್ಲಿ 1945ರವರೆಗೆ ಬದುಕಿದ್ದ. ಲಂಡನ್ನಿನ ಗ್ಯಾಂಗ್ ನಾಯಕ ಸಬಿನಿ, ಫ್ಯಾಸಿಸ್ಟ್ ರಾಜಕಾರಣಿ ಮೋಸ್ಲಿ ಕೂಡ ಇತಿಹಾಸದವರೇ.

ಒಟ್ಟು 6 ಸೀಸನ್, 36 ಕಂತು. ಕ್ರಮ ತಪ್ಪಿಸಬೇಡಿ, ಸೀಸನ್ನುಗಳ ನಡುವೆ ಕಥೆ ವರ್ಷಗಟ್ಟಲೆ ಜಿಗಿಯುತ್ತದೆ. ಬರ್ಮಿಂಗ್‌ಹ್ಯಾಮ್‌ನವರ ಇಂಗ್ಲಿಷ್ ಉಚ್ಚಾರ ಬಲು ಕಷ್ಟ, ಸಬ್‌ಟೈಟಲ್ ಹಾಕಿಕೊಂಡೇ ನೋಡಿ.