ಒಣಹುಲ್ಲು ತಿನ್ನುವ ಕುರಿ, ದನಗಳಿಗೆ ಹಿಂಡಿಯ ಬದಲು ಯೂರಿಯಾ ಕೊಡಬಹುದೇ?

ಕೊಡಬಹುದು. ಆದರೆ ಮೇವೆಂದರೆ ಬರೀ ಒಣಹುಲ್ಲು, ಹಿಂಡಿಯನ್ನು ಪೂರ್ತಿ ನಿಲ್ಲಿಸುವ ಯೋಚನೆ ಎಂದಾದರೆ ದಯವಿಟ್ಟು ಬೇಡ.

ಭತ್ತದ ಹುಲ್ಲಿನಲ್ಲಿ ಪ್ರೋಟೀನ್ ಇರುವುದು ಶೇ. 3–4ರಷ್ಟು. ಆಹಾರದಲ್ಲಿ ಅದು ಶೇ. 7ಕ್ಕಿಂತ ಇಳಿದರೆ ಮೊದಲ ಹೊಟ್ಟೆಯ (ನುಂಗಿದ ಮೇವು ಮೊದಲು ಸೇರುವ ಭಾಗ) ಸೂಕ್ಷ್ಮಜೀವಿಗಳು ಪ್ರೋಟೀನಿನಿಂದ ಸಿಗುವ ಸಾರಜನಕವಿಲ್ಲದೆ ಸೊರಗುತ್ತವೆ. ನಾರು ಬೇಗ ಜೀರ್ಣವಾಗುವುದಿಲ್ಲ, ಹೊಟ್ಟೆ ತೆರವಾಗುವುದಿಲ್ಲ, ಪ್ರಾಣಿ ಮೇವು ಬಿಡುತ್ತದೆ. ಗೋದಲಿಯ ತುಂಬ ಹುಲ್ಲಿದ್ದೂ ದನ ಬಡಕಲಾಗುವುದು ಹೀಗೆ. ಸೆಗಣಿಯನ್ನೇ ಗಮನಿಸಿ: ಗಟ್ಟಿಯಾಗಿ, ಪದರದ ಮೇಲೆ ಪದರವಾಗಿ ನಿಂತಿದ್ದರೆ ಪ್ರೋಟೀನ್ ಸಾಲುತ್ತಿಲ್ಲ.

ಯೂರಿಯಾದಲ್ಲಿ ಶೇ. 46ರಷ್ಟು ಸಾರಜನಕವಿದೆ. ಅದನ್ನು ಬಳಸಿಕೊಳ್ಳುವುದು ಪ್ರಾಣಿಯಲ್ಲ, ಆ ಸೂಕ್ಷ್ಮಜೀವಿಗಳು. ಅದಕ್ಕೆ ಅವಕ್ಕೆ ಅದೇ ಹೊತ್ತಿಗೆ ಶಕ್ತಿಯೂ ಬೇಕು. ಯೂರಿಯಾ ಬಹುಬೇಗ ಅಮೋನಿಯಾ ಆಗುತ್ತದೆ, ಹುಲ್ಲು ನಿಧಾನವಾಗಿ ಕರಗುತ್ತದೆ. ಕಾಕಂಬಿಯನ್ನೋ ಧಾನ್ಯದ ನುಚ್ಚನ್ನೋ ಜೊತೆಗೆ ಕೊಡದಿದ್ದರೆ ಉಳಿದ ಅಮೋನಿಯಾ ರಕ್ತಕ್ಕೆ ಸೇರಿ ವಿಷವಾಗುತ್ತದೆ. ಹೊಟ್ಟೆಯುಬ್ಬರ, ಬಾಯಲ್ಲಿ ನೊರೆ, ನಡುಕ, ತೂರಾಟ: ತಿಂದ ಅರ್ಧ ಗಂಟೆಯಲ್ಲೇ ಕಾಣಿಸಿಕೊಳ್ಳಬಹುದು. ಪಶುವೈದ್ಯರನ್ನು ತಕ್ಷಣ ಕರೆಯಬೇಕು. ವಿನೆಗರ್ ಮತ್ತು ತಣ್ಣೀರು ಹೊಟ್ಟೆಗೆ ಹಾಕುವುದು ಇದಕ್ಕಿರುವ ಚಿಕಿತ್ಸೆ.

ಒಟ್ಟು ಒಣ ಆಹಾರದಲ್ಲಿ ನೇರವಾಗಿ ಬೆರೆಸಿ ತಿನ್ನಿಸುವ ಯೂರಿಯಾ ಶೇ. 1ನ್ನು ದಾಟಬಾರದು. ಎರಡು ಮೂರು ವಾರಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಿ. ಒಂದು ಹರಳೂ ಗಂಟಾಗಿ ಉಳಿಯದಂತೆ ಬೆರೆಸಿ. ಕುಡಿಯುವ ನೀರಿಗೆ ಹಾಕಬೇಡಿ, ಹಸಿದ ಪ್ರಾಣಿಗೂ ಎಳೆಗರು, ಮರಿಗಳಿಗೂ ಬೇಡವೇ ಬೇಡ. ಹಸಿ ಸೋಯಾ ಅವರೆಯ ಜೊತೆಗೂ ಬೆರೆಸಬಾರದು. ಅದರಲ್ಲಿರುವ ಯೂರಿಯೇಸ್ ಕಿಣ್ವ ಅಮೋನಿಯಾವನ್ನು ಇನ್ನೂ ಬೇಗ ಬಿಡಿಸುತ್ತದೆ.

ನನ್ನನ್ನು ಕೇಳಿದರೆ ಯೂರಿಯಾವನ್ನು ನೇರವಾಗಿ ತಿನ್ನಿಸುವ ಬದಲು ಅದರಿಂದ ಹುಲ್ಲನ್ನೇ ಉಪಚರಿಸುವುದು ಲೇಸು. 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು ಗಾಳಿಯಾಡದಂತೆ ಮುಚ್ಚಿ 21 ದಿನ ಬಿಡಿ. ಹುಲ್ಲು ಮೆದುವಾಗುತ್ತದೆ, ಪ್ರೋಟೀನ್ ಅಂಶವೂ ಹೆಚ್ಚುತ್ತದೆ. ತೆಗೆದಾಗ ಮೂಗಿಗೆ ಹೊಡೆಯುವ ಘಾಟು ಇರುತ್ತದೆ. ಹರವಿ, ಘಾಟು ಹೋದ ಮೇಲೆ ಕೊಡಿ.

ಹಾಲು ಕೊಡುವ, ಗಬ್ಬದ, ಬೆಳೆಯುವ ಪ್ರಾಣಿಗಳಿಗೆ ಇಷ್ಟು ಸಾಲದು. ಅವಕ್ಕೆ ಹಿಂಡಿ ಬೇಕು, ಇಲ್ಲವೇ ಕುದುರೆ ಮೆಂತೆ, ಅಲಸಂದೆಯಂಥ ದ್ವಿದಳ ಮೇವು. ಕುರಿಗಳಿಗೆ ಯೂರಿಯಾ ಕೊಡುವಾಗ ಉಣ್ಣೆಗಾಗಿ ಗಂಧಕವೂ ಬೇಕು. ಆದರೆ ದನಗಳ ಖನಿಜ ಮಿಶ್ರಣವನ್ನು ಅವಕ್ಕೆ ಹಾಕಬೇಡಿ. ಅದರಲ್ಲಿರುವ ತಾಮ್ರವನ್ನು ಕುರಿ ತಾಳಿಕೊಳ್ಳುವುದಿಲ್ಲ.