ಲಿನಕ್ಸ್ ಕಲಿಯಲು ಯಾವ ಪುಸ್ತಕ ಕೊಳ್ಳಬೇಕು?

ಪ್ರಶ್ನೆ: ಹುಬ್ಬಳ್ಳ್ಯಾಗ ಹಳೇ ಪುಸ್ತಕ ಮಾರೋರ ಹತ್ರ ಎರಡು ಪುಸ್ತಕ ತಗೊಂಡೀನ್ರಿ. ಒಂದು ಸುಮಿತಾಭ ದಾಸ್ ಅವರ ‘ಯುನಿಕ್ಸ್: ಕಾನ್ಸೆಪ್ಟ್ಸ್ ಆ್ಯಂಡ್ ಅಪ್ಲಿಕೇಶನ್ಸ್’, ನಾಲ್ಕನೇ ಆವೃತ್ತಿ. ಇನ್ನೊಂದು 2003ರ ರೆಡ್ ಹ್ಯಾಟ್ ಪುಸ್ತಕ, ಹಿಂದ ಸಿಡಿ ಐತಿ. ನನ್ನ ಲ್ಯಾಪ್‌ಟಾಪಿನ್ಯಾಗ ಉಬುಂಟು ಹಾಕೀನಿ. ಎರಡನೇ ಪುಸ್ತಕದಾಗಿನ ಕಮಾಂಡ್ ಅರ್ಧಕ್ಕರ್ಧ ‘ಕಮಾಂಡ್ ನಾಟ್ ಫೌಂಡ್’ ಅಂತಾವು. ಪುಸ್ತಕ ಹಳೇದಾತೋ, ನಾನಽ ತಪ್ಪು ಹೊಡ್ಯಾಕತ್ತೀನೋ?
– ಬಿಸಿಎ ವಿದ್ಯಾರ್ಥಿ, ಹಾವೇರಿ

ಉತ್ತರ: ಮೊದಲನೆಯದನ್ನು ಇಟ್ಟುಕೊಳ್ಳಿ, ಸಿಡಿ ಇರುವುದನ್ನು ಬಿಡಿ. ಎರಡೂ ಹಳೆಯವೇ, ಆದರೆ ಕಲಿಸುವ ವಿಷಯ ಬೇರೆ ಬೇರೆ. ಶೆಲ್ (ನೀವು ಹೊಡೆದ ಕಮಾಂಡನ್ನು ಓದಿ ನಡೆಸುವ ಪ್ರೋಗ್ರಾಂ), ಪೈಪ್, ಗ್ರೆಪ್, ಸೆಡ್, ಆಕ್, ಫೈಲ್ ಪರ್ಮಿಶನ್ ಇವೆಲ್ಲ ಲಿನಕ್ಸ್‌ಗೆ ಮಾದರಿಯಾದ 1970ರ ದಶಕದ ಯುನಿಕ್ಸ್‌ನಿಂದ ಬಂದವು. ಅವುಗಳ ನಡೆ ಇಂದಿಗೂ ಹೆಚ್ಚು ಬದಲಾಗಿಲ್ಲ. ದಾಸ್ ಅವರ ಪುಸ್ತಕದಲ್ಲಿ ಆ ಅಧ್ಯಾಯಗಳನ್ನು ನೀವು ಉಬುಂಟುವಿನಲ್ಲಿ ನಿಶ್ಚಿಂತೆಯಿಂದ ಮಾಡಿ ನೋಡಬಹುದು.

ಹಳತಾಗುವುದು ಆಡಳಿತದ ಭಾಗ: ನೆಟ್‌ವರ್ಕ್, ಸರ್ವಿಸ್‌ಗಳ ಚಾಲನೆ, ಪ್ಯಾಕೇಜ್ ಸ್ಥಾಪನೆ. 2014–15ರ ಸುಮಾರಿಗೆ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7, ಡೆಬಿಯನ್ 8, ಉಬುಂಟು 15.04 ಎಲ್ಲವೂ ಸಿಸ್ಟಮ್‌ಡಿಗೆ (ಬೂಟ್ ಮತ್ತು ಸರ್ವಿಸ್‌ಗಳನ್ನು ನೋಡಿಕೊಳ್ಳುವ ವ್ಯವಸ್ಥೆ) ಬದಲಾದವು. ಅದಕ್ಕೂ ಮುಂಚಿನ ಪುಸ್ತಕ ಹೇಳುವ ‘ಇನಿಟ್‌ಟ್ಯಾಬ್’ ಫೈಲ್, ‘ಚೆಕ್‌ಕಾನ್ಫಿಗ್’ ಕಮಾಂಡ್ ನಿಮ್ಮ ಉಬುಂಟುವಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ‘ಇಫ್‌ಕಾನ್ಫಿಗ್’ ಈಗ ತಾನಾಗಿ ಬರುವುದಿಲ್ಲ, ಅದರ ಬದಲು ‘ಐಪಿ ಅಡ್ರೆಸ್’ ಎಂದು ಕೊಡಿ. ಜೊತೆಗೆ ನಿಮ್ಮ ಪುಸ್ತಕ ರೆಡ್ ಹ್ಯಾಟ್ ಬಳಗದ್ದು, ಉಬುಂಟು ಡೆಬಿಯನ್ ಬಳಗದ್ದು. ಒಂದೇ ವೆಬ್ ಸರ್ವರಿಗೆ ಅಲ್ಲಿ ‘ಎಚ್‌ಟಿಟಿಪಿಡಿ’ ಎಂಬ ಹೆಸರು, ಇಲ್ಲಿ ‘ಅಪಾಚೆ2’. ಪುಸ್ತಕ ‘ಎಸ್‌ಯು’ ಕೊಟ್ಟು ರೂಟ್ (ಎಲ್ಲ ಅಧಿಕಾರವಿರುವ ಖಾತೆ) ಆಗಿ ಎಂದರೂ ಉಬುಂಟು ಒಪ್ಪದು, ಏಕೆಂದರೆ ಅಲ್ಲಿ ರೂಟ್ ಪಾಸ್‌ವರ್ಡಿಗೆ ಮೊದಲೇ ಬೀಗ ಬಿದ್ದಿರುತ್ತದೆ. ಕಮಾಂಡಿನ ಮುಂದೆ ‘ಸುಡೊ’ ಸೇರಿಸಬೇಕು.

ಇನ್ನೊಂದನ್ನು ಪರೀಕ್ಷಿಸಿಕೊಳ್ಳಿ. ಪುಸ್ತಕದಲ್ಲಿ ಸಾಲಿನ ಮೊದಲಿಗೆ ಬರುವ ಡಾಲರ್ ಚಿಹ್ನೆ ಬರೀ ಪ್ರಾಂಪ್ಟ್ (ಶೆಲ್ ಕಮಾಂಡಿಗೆ ಕಾಯುತ್ತಿದೆ ಎಂಬ ಗುರುತು), ಅದನ್ನು ಟೈಪ್ ಮಾಡಬಾರದು. ಮಾಡಿದರೆ ಇದೇ ‘ನಾಟ್ ಫೌಂಡ್’ ಬರುತ್ತದೆ. ಹ್ಯಾಶ್ ಚಿಹ್ನೆ ಇದ್ದರೆ ರೂಟ್ ಆಗಿ ಓಡಿಸಬೇಕು ಎಂದರ್ಥ. ಅದನ್ನೂ ಸೇರಿಸಿ ಹೊಡೆದರೆ ಶೆಲ್ ಇಡೀ ಸಾಲನ್ನು ಟಿಪ್ಪಣಿ ಎಂದುಕೊಂಡು ಸುಮ್ಮನಿರುತ್ತದೆ. ದೋಷದ ಸಂದೇಶವೂ ಬರದ ಕಾರಣ ಕೆಲಸ ಆಯಿತೆಂದೇ ಹಲವರು ಮುಂದಿನ ಸಾಲಿಗೆ ಹೋಗಿಬಿಡುತ್ತಾರೆ.

ಮುಂದೆ ಹಳೇ ಪುಸ್ತಕ ಕೊಳ್ಳುವಾಗ ಅಂಗಡಿಯಲ್ಲಿ ನಿಂತೇ ಎರಡು ಕಡೆ ನೋಡಿ: ಒಳಪುಟದಲ್ಲಿ ಮುದ್ರಣದ ವರ್ಷವಲ್ಲ, ಆವೃತ್ತಿಯ ವರ್ಷ (ಮರುಮುದ್ರಣದ ವರ್ಷ ಹೊಸದಿದ್ದರೂ ಒಳಗಿನ ಮಾತು ಹಳೆಯದೇ ಇರುತ್ತದೆ), ಕೊನೆಯ ಪದಸೂಚಿಯಲ್ಲಿ ‘ಸಿಸ್ಟಮ್‌ಡಿ’ ಇದೆಯೇ ಎಂದು. ಆಡಳಿತದ ಪುಸ್ತಕದಲ್ಲಿ ಅದಿಲ್ಲವೆಂದರೆ ಎಷ್ಟೇ ಅಗ್ಗವಾದರೂ ಬೇಡ. ಸಿಡಿಯಿಂದ ಇನ್‌ಸ್ಟಾಲ್ ಮಾಡಲೇಬೇಡಿ. ಅದಕ್ಕೆ ಸುರಕ್ಷತಾ ಅಪ್‌ಡೇಟ್ ನಿಂತು ಬಹಳ ವರ್ಷಗಳಾಗಿವೆ.

ಪ್ರಶ್ನೆ: ವಿಲಿಯಂ ಶಾಟ್ಸ್ ಅವರ ‘ದಿ ಲಿನಕ್ಸ್ ಕಮಾಂಡ್ ಲೈನ್’ ಪಿಡಿಎಫ್ ಪುಕ್ಕಟೆ ಸಿಗುತ್ತದಂತೆ. ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದರೆ ತಪ್ಪಾಗುತ್ತದೆಯೇ? ಹೊಸಬರಿಗೆ ಅದು ಸಾಕೇ?
– ಓದುಗರು, ಕುಂದಗೋಳ

ಉತ್ತರ: ತಪ್ಪಿಲ್ಲ. ಲೇಖಕರೇ ಅದನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ತಮ್ಮ ಜಾಲತಾಣದಲ್ಲಿ ಇಟ್ಟಿದ್ದಾರೆ. ನಿಮಗಾಗಿ ಪ್ರಿಂಟ್ ಹಾಕಿಸಬಹುದು, ಹಾಕಿಸಿ ಮಾರುವಂತಿಲ್ಲ. ಆದರೆ ಐನೂರು ಪುಟ ಮೀರಿದ ಪುಸ್ತಕ, ಒಮ್ಮೆಲೇ ಪೂರ್ತಿ ಹಾಕಿಸಬೇಡಿ. ನಾಲ್ಕು ಭಾಗಗಳಲ್ಲಿ ಮೊದಲನೆಯ ಭಾಗದ ಹತ್ತು ಅಧ್ಯಾಯ ಮಾತ್ರ ಎರಡೂ ಬದಿ ಪ್ರಿಂಟ್, ಸ್ಪೈರಲ್ ಬೈಂಡಿಂಗ್ ಮಾಡಿಸಿ. ಅದು ಮುಗಿದ ಮೇಲೆ ಕೊನೆಯ ಭಾಗವಾದ ಶೆಲ್ ಸ್ಕ್ರಿಪ್ಟಿಂಗ್ ಹಾಕಿಸಿದರಾಯಿತು. ನಡುವಿನದನ್ನು ಬೇಕಾದಾಗ ಪರದೆಯ ಮೇಲೇ ನೋಡಬಹುದು.

ಹೊಸಬರಿಗೆ ಇದಕ್ಕಿಂತ ಒಳ್ಳೆಯ ಆರಂಭ ಕಡಿಮೆ. ಆರನೇ ಅಧ್ಯಾಯದ ರಿಡೈರೆಕ್ಷನ್ (ಕಮಾಂಡಿನ ಫಲಿತವನ್ನು ಫೈಲಿಗೆ ತಿರುಗಿಸುವುದು) ಮತ್ತು ಒಂಬತ್ತನೆಯ ಪರ್ಮಿಶನ್ ಅಧ್ಯಾಯಗಳಲ್ಲಿ ನಿಧಾನ ಮಾಡಿ. ಮುಂದೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ಇಲ್ಲಿಯ ಅರೆಬರೆ ತಿಳಿವಳಿಕೆಯಿಂದಲೇ ಹುಟ್ಟುತ್ತವೆ. ಮತ್ತೆ, ಕಮಾಂಡನ್ನು ಪಿಡಿಎಫ್‌ನಿಂದ ಕಾಪಿ ಮಾಡಿ ಅಂಟಿಸಬೇಡಿ. ನೇರ ಉದ್ಧರಣ ಚಿಹ್ನೆಯ ಜಾಗದಲ್ಲಿ ಬಾಗಿದ್ದು ಬರಬಹುದು, ಎರಡು ಹೈಫನ್ ಕೂಡಿ ಒಂದು ಉದ್ದ ಗೆರೆಯಾಗಬಹುದು. ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ, ಶೆಲ್ ಮಾತ್ರ ಒಪ್ಪುವುದಿಲ್ಲ. ಕೈಯಿಂದಲೇ ಹೊಡೆದರೆ ಬೆರಳಿಗೂ ರೂಢಿಯಾಗುತ್ತದೆ.

ಪ್ರಶ್ನೆ: ಎಂಜಿನಿಯರಿಂಗ್ ಕೊನೆಯ ವರ್ಷ. ಆರ್‌ಎಚ್‌ಸಿಎಸ್‌ಎ (ರೆಡ್ ಹ್ಯಾಟ್ ಕೊಡುವ ಸಿಸ್ಟಮ್ ಆಡಳಿತದ ಪ್ರಮಾಣಪತ್ರ) ಪರೀಕ್ಷೆ ಬರೆಯಬೇಕೆಂದಿದ್ದೇನೆ. ಸೀನಿಯರ್ ಒಬ್ಬರು ಎವಿ ನೆಮೆತ್ ಮತ್ತಿತರರ ‘ಯುನಿಕ್ಸ್ ಆ್ಯಂಡ್ ಲಿನಕ್ಸ್ ಸಿಸ್ಟಮ್ ಅಡ್ಮಿನಿಸ್ಟ್ರೇಶನ್ ಹ್ಯಾಂಡ್‌ಬುಕ್’ ಓದು ಎಂದರು. ಸಾವಿರದ ಮೇಲೆ ಪುಟಗಳಿವೆ. ಪೂರ್ತಿ ಓದಬೇಕೇ?
– ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಬೇಡ. 2017ರ ಐದನೇ ಆವೃತ್ತಿ ಬಲು ಒಳ್ಳೆಯ ಗ್ರಂಥ, ಆದರೆ ಕೆಲಸಕ್ಕೆ ಸೇರಿದವರು ತೊಡಕು ಬಂದಾಗ ತೆರೆದು ನೋಡುವಂಥದ್ದು. ಕಾಲೇಜು ಗ್ರಂಥಾಲಯದಲ್ಲಿದ್ದರೆ ಸಾಕು, ಸ್ವಂತಕ್ಕೆ ಕೊಳ್ಳಬೇಕಿಲ್ಲ.

ಪರೀಕ್ಷೆಗೆ ಮೊದಲು ಇಎಕ್ಸ್200 (ಈ ಪರೀಕ್ಷೆಯ ಸಂಕೇತ) ಪಠ್ಯಾಂಶಗಳ ಪಟ್ಟಿಯನ್ನು ರೆಡ್ ಹ್ಯಾಟ್ ತಾಣದಿಂದ ಇಳಿಸಿಕೊಳ್ಳಿ. ನೀವು ಬರೆಯುವ ಪರೀಕ್ಷೆ ಯಾವ ಆವೃತ್ತಿಯದೋ ಅದೇ ಆವೃತ್ತಿಯ ಗೈಡ್ ಕೊಳ್ಳಿ. ಅಂಗಡಿಯಲ್ಲಿ ಹಿಂದಿನ ಆವೃತ್ತಿ ಅರ್ಧ ಬೆಲೆಗೆ ಸಿಕ್ಕರೂ ಬೇಡ. ಇದು ಬಾಯಿಪಾಠದ ಪರೀಕ್ಷೆಯಲ್ಲ, ಮಷೀನಿನ ಮೇಲೆ ಮಾಡಿ ತೋರಿಸುವಂಥದ್ದು. ಅಂತರ್ಜಾಲ ಇರುವುದಿಲ್ಲ, ಮಷೀನಿನಲ್ಲೇ ಇರುವ ಕೈಪಿಡಿಯಾದ ಮ್ಯಾನ್ ಪೇಜ್ ನೋಡಬಹುದು. ಹಾಗಾಗಿ ಅಭ್ಯಾಸದಲ್ಲೂ ಗೂಗಲ್ ಬಿಟ್ಟು ‘ಮ್ಯಾನ್’ ಬಳಸುವ ರೂಢಿ ಈಗಲೇ ಹಾಕಿಕೊಳ್ಳಿ.

ಅಭ್ಯಾಸಕ್ಕೆ ರೆಡ್ ಹ್ಯಾಟ್‌ಗೆ ಹೊಂದುವ ಅಲ್ಮಾಲಿನಕ್ಸ್ ಅಥವಾ ರಾಕಿ ಲಿನಕ್ಸ್ ಉಚಿತ. 8 ಜಿಬಿ ರ್‍ಯಾಮ್ ಇದ್ದರೆ, ಕಂಪ್ಯೂಟರಿನೊಳಗೇ ಬೇರೆ ಕಂಪ್ಯೂಟರ್ ನಡೆಸುವ ವರ್ಚುವಲ್‌ಬಾಕ್ಸ್‌ನಲ್ಲಿ 2 ಜಿಬಿಯಂತೆ ಎರಡು ಮಷೀನ್ ಮಾಡಿ. ಬಯೋಸ್‌ನಲ್ಲಿ ವರ್ಚುವಲೈಸೇಶನ್ ಆನ್ ಇರಬೇಕು. ಡಿಸ್ಕ್ ಪಾರ್ಟಿಶನ್ ಅಧ್ಯಾಯಕ್ಕೆ ಮುಂಚೆ ಸ್ನ್ಯಾಪ್‌ಶಾಟ್ (ಕೆಟ್ಟರೆ ಮರಳಿ ಹೋಗಲು ಆ ಕ್ಷಣದ ಸ್ಥಿತಿಯ ಪ್ರತಿ) ತೆಗೆದಿಡಿ. ವಿಂಡೋಸ್‌ನೊಳಗೇ ಲಿನಕ್ಸ್ ನಡೆಸುವ ಡಬ್ಲ್ಯುಎಸ್‌ಎಲ್ ಶೆಲ್ ಕಲಿಯಲು ಚೆನ್ನ, ಆದರೆ ಬೂಟ್ ಮತ್ತು ಪಾರ್ಟಿಶನ್ ಪಾಠಗಳಿಗೆ ಬಾರದು.

ಅಂಕ ಕಳೆದುಕೊಳ್ಳುವ ಜಾಗ ಒಂದಿದೆ: ಮಾಡಿದ ಕೆಲಸ ರೀಬೂಟ್ ಆದ ಮೇಲೂ ಉಳಿಯಬೇಕು. ಫೈರ್‌ವಾಲ್ ನಿಯಮಕ್ಕೆ ‘ಪರ್ಮನೆಂಟ್’ ಸೇರಿಸದಿದ್ದರೆ ರೀಬೂಟಿನೊಂದಿಗೆ ಅದು ಹೋಗುತ್ತದೆ. ‘ಎಫ್‌ಎಸ್‌ಟ್ಯಾಬ್’ (ಬೂಟ್ ಆಗುವಾಗ ಜೋಡಿಸಬೇಕಾದ ಡಿಸ್ಕ್‌ಗಳ ಪಟ್ಟಿ) ಫೈಲಿನಲ್ಲಿ ಒಂದಕ್ಷರ ತಪ್ಪಿದರೂ ಮಷೀನ್ ಎಮರ್ಜೆನ್ಸಿ ಮೋಡ್‌ಗೆ ಹೋಗಿ ಕೂರಬಹುದು. ಅದನ್ನು ತಿದ್ದಿದೊಡನೆ ‘ಮೌಂಟ್ ಹೈಫನ್ ಎ’ ಕೊಟ್ಟು ನೋಡಿ, ತಪ್ಪಿದ್ದರೆ ಬಹುಮಟ್ಟಿಗೆ ಅಲ್ಲೇ ಗೊತ್ತಾಗುತ್ತದೆ. ಪ್ರತಿ ಅಧ್ಯಾಯ ಮುಗಿದಾಗ ರೀಬೂಟ್ ಮಾಡಿ, ಎಲ್ಲ ಉಳಿದಿದೆಯೇ ಪರೀಕ್ಷಿಸಿ.

ಒಳಗೆ ಏನು ನಡೆಯುತ್ತದೆ ಎಂದು ತಿಳಿಯುವ ಆಸೆಯಿದ್ದರೆ ಬ್ರಯನ್ ವಾರ್ಡ್ ಅವರ ‘ಹೌ ಲಿನಕ್ಸ್ ವರ್ಕ್ಸ್’, 2021ರ ಮೂರನೇ ಆವೃತ್ತಿ ಓದಿ. ಸಂದರ್ಶನದಲ್ಲಿ ‘ಪವರ್ ಬಟನ್ ಒತ್ತಿದಾಗಿನಿಂದ ಲಾಗಿನ್ ಬರುವವರೆಗೆ ಏನಾಗುತ್ತದೆ’ ಎಂದು ಕೇಳಿದರೆ ಗೈಡ್ ಓದಿದವರು ತಡವರಿಸುತ್ತಾರೆ, ಇದನ್ನು ಓದಿದವರು ಹೇಳುತ್ತಾರೆ.

ಪ್ರಶ್ನೆ: ನಮ್ಮ ಪ್ರೌಢಶಾಲೆಯ ಲ್ಯಾಬ್‌ನಲ್ಲಿ ಡೆಬಿಯನ್ ಹಾಕಿದ್ದಾರೆ, ಇಂಟರ್‌ನೆಟ್ ಆಗಾಗ ಮಾತ್ರ. ಮಕ್ಕಳು ಕನ್ನಡ ಮಾಧ್ಯಮದವರು. ಯಾವ ಪುಸ್ತಕ ತರಿಸಲಿ? ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡುತ್ತಿದ್ದೆವು, ಈಗೇನು?
– ಶಿಕ್ಷಕಿ, ಮುಂಡರಗಿ

ಉತ್ತರ: ಮೇಡಂ, ಪುಸ್ತಕ ನಿಮಗೆ ಬೇಕು, ಮಕ್ಕಳಿಗಲ್ಲ. ನೆಟ್ ಇದ್ದ ದಿನ ‘ಡೆಬಿಯನ್-ಹ್ಯಾಂಡ್‌ಬುಕ್’ ಎಂಬ ಪ್ಯಾಕೇಜ್ ಇನ್‌ಸ್ಟಾಲ್ ಮಾಡಿಕೊಳ್ಳಿ. ರಾಫೆಲ್ ಹೆರ್ಟ್ಜೋಗ್ ಮತ್ತು ರೋಲಾಂ ಮಾಸ್ ಬರೆದ ಇಡೀ ಪುಸ್ತಕ ಮಷೀನಿನಲ್ಲೇ ಉಳಿಯುತ್ತದೆ, ಖರ್ಚಿಲ್ಲ. ಅದರಿಂದ ಪಾಠಕ್ಕೊಂದು ಪುಟದಂತೆ ನೀವೇ ಕನ್ನಡದಲ್ಲಿ ಬರೆದು ಹಂಚಿ. ಮೊದಲ ಪುಟಕ್ಕೆ ಫೋಲ್ಡರ್ ನೋಡುವ, ಬದಲಿಸುವ, ಹೊಸದು ಮಾಡುವ ಕಮಾಂಡ್ ಸಾಕು. ಅಳಿಸುವ ‘ಆರ್‌ಎಂ’ ಕೊನೆಗಿರಲಿ, ಅದರಿಂದ ಹೋದದ್ದು ಕಸದಬುಟ್ಟಿಗೆ ಹೋಗುವುದಿಲ್ಲ. ಮಕ್ಕಳ ಖಾತೆಗೆ ಸುಡೊ ಅಧಿಕಾರ ಕೊಡಬೇಡಿ. ಮೆನು ಇಂಗ್ಲಿಷಿನಲ್ಲೇ ಇರಲಿ, ಇಲ್ಲದಿದ್ದರೆ ಪುಸ್ತಕದ ಚಿತ್ರಕ್ಕೂ ಪರದೆಗೂ ತಾಳೆಯಾಗದು.

ಟೈಪಿಂಗಿಗೆ ‘ಐಬಸ್-ಎಂ17ಎನ್’ ಪ್ಯಾಕೇಜ್ ಹಾಕಿ, ಲಾಗೌಟ್ ಆಗಿ ಮತ್ತೆ ಬನ್ನಿ. ನಿಮ್ಮದು ಗ್ನೋಮ್ ಡೆಸ್ಕ್‌ಟಾಪ್ ಆಗಿದ್ದರೆ ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ ಕನ್ನಡ ಕೆಜಿಪಿ ಸೇರಿಸಿ. ನುಡಿಯ ಕೀಲಿಮಣೆ ವಿನ್ಯಾಸವೇ ಅದು. ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ನುಡಿಯ ಹಳೇ ಫೈಲುಗಳು ಯುನಿಕೋಡ್‌ನಲ್ಲಿಲ್ಲದಿದ್ದರೆ ಇಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ವಿಂಡೋಸ್ ಇರುವ ಮಷೀನಿನಲ್ಲಿ ನುಡಿಯ ಕನ್ವರ್ಟರ್‌ನಿಂದ ಯುನಿಕೋಡ್ ಮಾಡಿಕೊಂಡು ತಂದರೆ ಸರಿಯಾಗಿ ತೆರೆಯುತ್ತವೆ.